ನೆಲೆನಿಂತ ಊರಿನ ಹಾಡು

1980ರ ಏಪ್ರಿಲ್ 5ರ ರಾತ್ರಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ, ಆರಾಧನೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ ಹುಟ್ಟುಹಬ್ಬದ ಕೂಟವೊಂದು ನಡೆಯಿತು. ಆ ಕಟ್ಟಡ ಆಗ ಕೆಲವು ಯುವಕರ ಬಾಡಿಗೆ ಮನೆಯಾಗಿತ್ತು. ಗೆಳತಿಯ ಹುಟ್ಟುಹಬ್ಬದ ಸಂಭ್ರಮಕ್ಕೆಂದು ನಾಲ್ವರು ಅಲ್ಲಿ ಮೊದಲ ಸಲ ಜನರೆದುರು ನಿಂತು ಹಾಡಿ ನುಡಿಸಿದರು. ಹನ್ನೊಂದು ವರ್ಷಗಳ ಮೇಲೆ ಅದೇ ನಾಲ್ವರ ಧ್ವನಿಮುದ್ರಿಕೆಯೊಂದು ಜಗತ್ತಿನಾದ್ಯಂತ ಕೋಟಿಗೂ ಮಿಕ್ಕಿದ ಸಂಖ್ಯೆಯಲ್ಲಿ ಮಾರಾಟವಾಯಿತು. ತಂಡದ ಹೆಸರು ಆರ್.ಇ.ಎಂ. ನಿದ್ರೆಯಲ್ಲಿ ಕನಸು ಬೀಳುವ ಹಂತವನ್ನು ಸೂಚಿಸುವ ಈ ಮೂರಕ್ಷರವನ್ನು ಅವರು ನಿಘಂಟಿನ ಪುಟ ತಿರುವುತ್ತ ಆರಿಸಿಕೊಂಡಿದ್ದರು.

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ದಿಢೀರನೆ ಮೇಲೇರಿದವರ ಕಥೆಗಳಿಗೆ ಕೊರತೆಯಿಲ್ಲ. ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿದವರ ಕಥೆ ಅಪರೂಪ. ಅದರಲ್ಲಿಯೂ ನ್ಯೂಯಾರ್ಕ್, ಲಾಸ್ ಏಂಜಲಿಸ್‌ಗಳಿಗೆ ಬಿಡಾರ ಬದಲಿಸದೆ, ಸಣ್ಣ ಊರೊಂದರಲ್ಲಿ ಕುಳಿತೇ ಜಗತ್ತನ್ನು ತಲುಪಿದವರು ಇನ್ನೂ ವಿರಳ. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ವರ್ಗಾವಣೆಯ ಆದೇಶ ಬಂದಾಗಲೆಲ್ಲ ಮನೆ ಕಟ್ಟಿ ಮನೆ ಬಿಚ್ಚುವ ನಮ್ಮಂಥವರಿಗೆ ಈ ಕಥೆಯ ಮೇಲೆ ಮೊದಲು ಹುಟ್ಟಿದ್ದು ಅಸೂಯೆ. ಊರಲ್ಲೇ ಉಳಿಯುವ ಭಾಗ್ಯವಿದ್ದವರು ಇವರು ಎಂದೇ ನಾವು ಬಹುಕಾಲ ತಿಳಿದಿದ್ದೆವು. ಚರಿತ್ರೆಯನ್ನು ಸ್ವಲ್ಪ ಬಗೆದು ನೋಡಿದಾಗ ಆ ತಿಳಿವಳಿಕೆ ಸುಳ್ಳಾಯಿತು.

ನಾಲ್ವರಲ್ಲಿ ಒಬ್ಬರೂ ಅಥೆನ್ಸ್‌ನಲ್ಲಿ ಹುಟ್ಟಿದವರಲ್ಲ. ಗಿಟಾರ್ ನುಡಿಸುವ ಪೀಟರ್ ಬಕ್ ಮತ್ತು ಬೇಸ್ ಗಿಟಾರ್‌ನ ಮೈಕ್ ಮಿಲ್ಸ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಡ್ರಮ್ ವಾದಕ ಬಿಲ್ ಬೆರ್ರಿ ಉತ್ತರದ ಮಿನ್ನೆಸೋಟಾದವರು. ಗಾಯಕ ಮೈಕಲ್ ಸ್ಟೈಪ್ ಜಾರ್ಜಿಯಾದಲ್ಲೇ ಹುಟ್ಟಿದರೂ ತಂದೆ ಸೇನೆಯಲ್ಲಿದ್ದುದರಿಂದ ಬಾಲ್ಯವೆಲ್ಲ ಊರಿಂದೂರಿಗೆ ಅಲೆದಾಟದಲ್ಲಿಯೇ ಕಳೆಯಿತು. ಮಿಲ್ಸ್ ಮತ್ತು ಬೆರ್ರಿ ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ ಶಾಲಾ ಗೆಳೆಯರು. ನಾಲ್ವರನ್ನೂ ಅಥೆನ್ಸ್‌ಗೆ ಕರೆತಂದದ್ದು ಅಲ್ಲಿದ್ದ ಜಾರ್ಜಿಯಾ ವಿಶ್ವವಿದ್ಯಾಲಯ ಮತ್ತು ಅದರ ಸುತ್ತ ಬೆಳೆದಿದ್ದ ಎಳೆಯರ ಪರಿಸರ. ಬಕ್ ಕೆಲಸ ಮಾಡುತ್ತಿದ್ದ ರೆಕಾರ್ಡ್ ಅಂಗಡಿಗೆ ಕಲಾವಿದ್ಯಾರ್ಥಿ ಸ್ಟೈಪ್ ಬರುತ್ತಿದ್ದರು. ಬಕ್ ತಮಗೆಂದು ಎತ್ತಿಟ್ಟುಕೊಂಡ ಮುದ್ರಿಕೆಗಳನ್ನೇ ಸ್ಟೈಪ್ ಆರಿಸಿ ಕೊಳ್ಳುತ್ತಿದ್ದರಂತೆ. ಗೆಳೆತನ ಹುಟ್ಟಿದ್ದು ಹಾಗೆ.

ಅಥೆನ್ಸ್ ಅಟ್ಲಾಂಟಾ ನಗರದಿಂದ ಸುಮಾರು 110 ಕಿಲೋಮೀಟರ್ ದೂರದ ಊರು. ಇವರಿಗಿಂತ ಮೊದಲೇ ಅಲ್ಲಿಂದ ಬಿ-52ಸ್ ಎಂಬ ತಂಡ ಹೊರಟು ಹೆಸರು ಮಾಡಿತ್ತು. ಹೆಸರು ಬರುತ್ತಿದ್ದಂತೆ ಅವರು ನ್ಯೂಯಾರ್ಕ್ ಕಡೆಗೆ ವಾಸ ಬದಲಿಸಿದರು. ಆ ಕಾಲದ ರೂಢಿಯೇ ಅದು. ಧ್ವನಿಮುದ್ರಣ ಸಂಸ್ಥೆಗಳು, ಪತ್ರಿಕೆಗಳು, ದೊಡ್ಡ ಸಭಾಂಗಣಗಳು ಎಲ್ಲಿದ್ದವೋ ಕಲಾವಿದರು ಅಲ್ಲಿಗೆ ಹೋಗಬೇಕಿತ್ತು. ಆರ್.ಇ.ಎಂ. ಹಾಗೆ ಮಾಡಲಿಲ್ಲ. ಹಳೆಯ ನೀಲಿ ವ್ಯಾನೊಂದರಲ್ಲಿ ವಾದ್ಯಗಳನ್ನು ತುಂಬಿಕೊಂಡು ದಕ್ಷಿಣದ ಊರೂರು ಸುತ್ತಿ, ಊಟಕ್ಕೆ ದಿನಕ್ಕೆ ತಲಾ ಎರಡು ಡಾಲರಿನಂತೆ ಖರ್ಚು ಮಾಡಿ, ಮರಳಿ ಅಥೆನ್ಸ್‌ಗೇ ಬರುತ್ತಿದ್ದರು. 1981ರಲ್ಲಿ ಹೊರಬಂದ ಮೊದಲ ಹಾಡು ‘ರೇಡಿಯೊ ಫ್ರೀ ಯುರೋಪ್’ ಹಿಬ್-ಟೋನ್ ಎಂಬ ಪುಟ್ಟ ಸಂಸ್ಥೆಯ ಪ್ರಕಟಣೆ. ಅದರ ಧ್ವನಿಮುದ್ರಣ ನಡೆದದ್ದು ಉತ್ತರ ಕ್ಯಾರೊಲಿನಾದಲ್ಲಿ, ಮಿಚ್ ಈಸ್ಟರ್ ಎಂಬ ಸಂಗೀತಗಾರ ತನ್ನ ತಂದೆ-ತಾಯಿಯ ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಂಡಿದ್ದ ಸ್ಟುಡಿಯೊದಲ್ಲಿ.

ಇಂಥ ಹಾಡು ಜನರಿಗೆ ತಲುಪಿದ್ದಾದರೂ ಹೇಗೆ? ಇದಕ್ಕೆ ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳ ರೇಡಿಯೊ ಕೇಂದ್ರಗಳಲ್ಲಿದೆ. ಅಲ್ಲಿ ಎಫ್.ಎಂ. ತರಂಗಗಳ ಮೊದಲ ಭಾಗವನ್ನು, ಅಂದರೆ 88ರಿಂದ 92 ಮೆಗಾಹರ್ಟ್ಸ್‌ವರೆಗಿನದನ್ನು, ಲಾಭದ ಉದ್ದೇಶವಿಲ್ಲದ ಪ್ರಸಾರಕ್ಕೆಂದು ಮೀಸಲಿಟ್ಟಿದ್ದರು. ಈ ಕೇಂದ್ರಗಳನ್ನು ಬಹುಮಟ್ಟಿಗೆ ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ಯಾವ ಹಾಡು ಹಾಕಬೇಕೆಂಬುದನ್ನು ಜಾಹೀರಾತುದಾರರು ನಿರ್ಧರಿಸುತ್ತಿರಲಿಲ್ಲ. ಒಂದು ಊರಿನ ವಿದ್ಯಾರ್ಥಿಗಳು ಹಾಡನ್ನು ರೇಡಿಯೊದಲ್ಲಿ ಕೇಳಿ ಮೆಚ್ಚಿದರೆ, ತಂಡ ಆ ಊರಿಗೆ ಬಂದಾಗ ಸಭಾಂಗಣ ತುಂಬುತ್ತಿತ್ತು. ಹೀಗೆ ವಿಶ್ವವಿದ್ಯಾಲಯದ ಊರುಗಳನ್ನು ಒಂದಕ್ಕೊಂದು ಪೋಣಿಸಿದ ದಾರಿಯೊಂದು ಸಿದ್ಧವಾಯಿತು. ಆ ಸಂಗೀತಕ್ಕೆ ಮೊದಲು ‘ಕಾಲೇಜ್ ರಾಕ್’ ಎಂಬ ಹೆಸರಿತ್ತು. ‘ಪರ್ಯಾಯ ರಾಕ್’ ಎಂಬ ಹೆಸರು ನೆಲೆಗೊಂಡದ್ದು ಆಮೇಲೆ.

1983ರಲ್ಲಿ ಬಂದ ‘ಮರ್ಮರ್’ ಅವರ ಮೊದಲ ಪೂರ್ಣ ಆಲ್ಬಮ್. ಹೆಸರಿಗೆ ತಕ್ಕಂತೆ ಅದು ಪಿಸುಮಾತಿನ ಸಂಗೀತ. ಸ್ಟೈಪ್ ಅವರ ಉಚ್ಚಾರ ಎಷ್ಟು ಅಸ್ಪಷ್ಟವೆಂದರೆ ಇಂಗ್ಲಿಷ್ ಮಾತೃಭಾಷೆಯಾದವರಿಗೂ ಪದಗಳು ಹಿಡಿಯುತ್ತಿರಲಿಲ್ಲ. ಇಂಗ್ಲಿಷ್ ಸಾಹಿತ್ಯದ ಎಂ.ಎ. ಮುಗಿಸಿದ್ದ ನಾವು ನಮ್ಮ ಕಿವಿಯ ಮೇಲೆಯೇ ಅನುಮಾನಪಟ್ಟದ್ದುಂಟು. ಮುಖಪುಟದಲ್ಲಿದ್ದದ್ದು ಕಲಾವಿದರ ಮುಖಗಳಲ್ಲ; ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನದ ಬಯಲುಗಳನ್ನೆಲ್ಲ ಮುಚ್ಚಿ ಹಬ್ಬುವ ಕುಡ್ಜು ಎಂಬ ಬಳ್ಳಿ. ಆ ಬಳ್ಳಿಯೂ ಅಲ್ಲಿಯದಲ್ಲ, ಜಪಾನಿನಿಂದ ಬಂದು ಬೇರೂರಿದ್ದು. ಹಿಂಬದಿಯಲ್ಲಿ ಅಥೆನ್ಸ್‌ನ ಹಳೆಯ ಮರದ ರೈಲು ಸೇತುವೆ. ಮೈಕಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಜಗತ್ತನ್ನೇ ಆವರಿಸಿದ್ದ ಆ ವರ್ಷ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ‘ಮರ್ಮರ್’ ಅನ್ನು ವರ್ಷದ ಆಲ್ಬಮ್ ಎಂದು ಆರಿಸಿದರು.

ಅದೇ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ, ಆಗ ಕೀರ್ತಿಯ ಶಿಖರದಲ್ಲಿದ್ದ ‘ದ ಪೊಲೀಸ್’ ತಂಡದ ಕಾರ್ಯಕ್ರಮಕ್ಕೆ ಮುಂಚೆ ನುಡಿಸುವ ಅವಕಾಶ ಇವರಿಗೆ ಸಿಕ್ಕಿತು. ದೊಡ್ಡವರಿಗಾಗಿ ಬಂದ ಜನಸಾಗರದ ಮುಂದೆ ನುಡಿಸುವುದು ಇವರಿಗೆ ರುಚಿಸಲಿಲ್ಲ. ತಮ್ಮನ್ನೇ ಕೇಳಲು ಬರುವ ಸಣ್ಣ ಸಭೆಗಳಿಗೆ ಹಿಂತಿರುಗಿದರು. 1984ರಿಂದ 1987ರವರೆಗೆ ವರ್ಷಕ್ಕೊಂದು ಆಲ್ಬಮ್, ಅದರ ಬೆನ್ನಿಗೆ ದೀರ್ಘ ಪ್ರವಾಸ, ಪ್ರತಿ ಸಲವೂ ಹಿಂದಿನದಕ್ಕಿಂತ ತುಸು ದೊಡ್ಡ ಸಭಾಂಗಣ. 1987ರ ‘ದ ವನ್ ಐ ಲವ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9ನೆಯ ಸ್ಥಾನಕ್ಕೇರಿತು. ಮರುವರ್ಷ ವಾರ್ನರ್ ಬ್ರದರ್ಸ್ ಸಂಸ್ಥೆಯೊಡನೆ ಒಪ್ಪಂದವಾದಾಗಲೂ ಅವರು ಹಣಕ್ಕಿಂತ ಹೆಚ್ಚಾಗಿ ಕೇಳಿದ್ದು ತಮ್ಮ ಸಂಗೀತದಲ್ಲಿ ಬೇರೆಯವರು ಕೈಹಾಕಬಾರದೆಂಬ ಭರವಸೆ.

ಇಷ್ಟು ವರ್ಷ ತಂಡವನ್ನು ಒಡೆಯದಂತೆ ಹಿಡಿದಿಟ್ಟದ್ದು ಎರಡು ಸರಳ ನಿಯಮಗಳು. ಯಾರು ಪದ ಬರೆದರು, ಯಾರು ರಾಗ ಕಟ್ಟಿದರು ಎಂದು ಲೆಕ್ಕ ಹಾಕದೆ ಪ್ರತಿ ಹಾಡಿಗೂ ನಾಲ್ವರ ಹೆಸರು, ಗಳಿಕೆಯಲ್ಲಿ ಸಮಪಾಲು. ಎರಡನೆಯದು, ಒಬ್ಬರು ಬೇಡವೆಂದರೆ ಆ ಕೆಲಸ ಬೇಡ. ಎಷ್ಟೋ ತಂಡಗಳು ಒಡೆದದ್ದು ಹಾಡಿನ ಒಡೆತನದ ಜಗಳದಲ್ಲಿ. ಇಲ್ಲಿ ಆ ಜಗಳಕ್ಕೆ ಎಡೆಯೇ ಇರಲಿಲ್ಲ.

1991ರ ‘ಔಟ್ ಆಫ್ ಟೈಮ್’ ಆಲ್ಬಮ್ಮಿನ ‘ಲೂಸಿಂಗ್ ಮೈ ರಿಲಿಜನ್’ ಅವರನ್ನು ಜಗತ್ತಿನ ಮನೆಮನೆಗೂ ತಲುಪಿಸಿತು. ಹಾಡಿನ ಬೆನ್ನೆಲುಬು ಮ್ಯಾಂಡೊಲಿನ್. ಯು. ಶ್ರೀನಿವಾಸ್ ಅವರ ಕೈಯಲ್ಲಿ ಕರ್ನಾಟಕ ಸಂಗೀತವನ್ನು ನುಡಿದ ಈ ವಾದ್ಯ ನಮಗೆ ಹೊಸದಲ್ಲ. ಆದರೆ ರಾಕ್ ಸಂಗೀತದ ಯಶಸ್ವಿ ಹಾಡಿನಲ್ಲಿ ಅದು ಮುಂದೆ ನಿಂತದ್ದು ಅಪರೂಪ. ಬಕ್ ಆಗಷ್ಟೇ ಮ್ಯಾಂಡೊಲಿನ್ ಕೊಂಡು, ಟಿ.ವಿ. ನೋಡುತ್ತ ಕೂತು ಬೆರಳು ಪಳಗಿಸುತ್ತಿದ್ದಾಗ ಹುಟ್ಟಿದ ಸ್ವರಗಳವು. ಇನ್ನು ಹಾಡಿನ ಹೆಸರು. ಧರ್ಮ ಬಿಟ್ಟವನ ಅಳಲು ಇದೆಂದು ಲೋಕವೆಲ್ಲ ಅರ್ಥ ಮಾಡಿತು. ನಿಜದಲ್ಲಿ ಅದು ಅಮೆರಿಕದ ದಕ್ಷಿಣ ಭಾಗದ ಆಡುಮಾತು: ತಾಳ್ಮೆಯ ಕಟ್ಟೆಯೊಡೆದು, ಇನ್ನು ತಡೆಯಲಾರೆ ಎನ್ನುವ ಸ್ಥಿತಿಗೆ ಅಲ್ಲಿಯ ಜನ ಬಳಸುವ ನುಡಿಗಟ್ಟು. ಹಾಡಿನ ವಿಷಯ ಮರುಮಾತು ದೊರೆಯದ ಪ್ರೀತಿ. ಒಂದು ಸೀಮೆಯ ಮನೆಮಾತು ತನ್ನ ಅರ್ಥವನ್ನು ಊರಲ್ಲೇ ಬಿಟ್ಟು ಧ್ವನಿಯನ್ನಷ್ಟೇ ಹೊತ್ತು ಲೋಕಸಂಚಾರ ಮಾಡಿತು.

ಆ ಹಾಡಿನ ದೃಶ್ಯರೂಪವನ್ನು ನಿರ್ದೇಶಿಸಿದವರು ಜಲಂಧರದಲ್ಲಿ ಹುಟ್ಟಿದ ತರ್ಸೆಮ್ ಸಿಂಗ್. ಭಾವಾತಿರೇಕವೂ ಕನಸಿನ ಗುಣವೂ ಬೆರೆತ ಒಂದು ಬಗೆಯ ಭಾರತೀಯ ಚಲನಚಿತ್ರಗಳ ಛಾಯೆ ಅದರಲ್ಲಿರಬೇಕೆಂಬುದು ಅವರ ಬಯಕೆಯಾಗಿತ್ತು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿ.ವಿ. ಪ್ರಸಾರ ಆರಂಭವಾಗಿ, ಅದರ ಮೂಲಕ ಎಂ.ಟಿ.ವಿ. ನಮ್ಮ ದೇಶಕ್ಕೂ ಬಂತು. ದೂರದರ್ಶನದ ಒಂದೆರಡು ವಾಹಿನಿಗಳಲ್ಲೇ ಬೆಳೆದ ನಮ್ಮ ತಲೆಮಾರು ಕೇಬಲ್ ಹಾಕಿಸಿದವರ ಮನೆಯಲ್ಲಿ ಈ ಹಾಡನ್ನು ಕಂಡದ್ದು ಹಾಗೆ. ರೆಕ್ಕೆ ಹೊತ್ತ ಮುದುಕ, ನಡುವೆ ತೋಳು ಬೀಸಿ ಕುಣಿಯುವ ಸ್ಟೈಪ್; ಅರ್ಥವಾಗದೆಯೂ ಮನಸ್ಸಿನಲ್ಲಿ ಉಳಿದವು. ಮರುವರ್ಷ ತಂಡಕ್ಕೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಇಷ್ಟಾದರೂ ಆ ಆಲ್ಬಮ್ಮಿಗಾಗಿ ಅವರು ಪ್ರವಾಸ ಹೊರಡಲಿಲ್ಲ. 1992ರ ಮುಂದಿನ ಆಲ್ಬಮ್ಮಿಗೂ ಹೊರಡಲಿಲ್ಲ. ಅದಕ್ಕೆ ಇಟ್ಟ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಎಂಬ ಹೆಸರು ಅಥೆನ್ಸ್‌ನ ‘ವೀವರ್ ಡೀಸ್’ ಎಂಬ ಊಟದ ಹೋಟೆಲಿನ ಘೋಷವಾಕ್ಯ. ಬಕ್ ಮುಂದೆ ಸಿಯಾಟಲ್‌ಗೆ ವಾಸ ಬದಲಿಸಿದರೂ ತಂಡದ ಕಚೇರಿ ಅಥೆನ್ಸ್‌ನಲ್ಲೇ ಉಳಿಯಿತು.

1995ರಲ್ಲಿ ಮತ್ತೆ ವಿಶ್ವಪ್ರವಾಸ ಹೊರಟಾಗ ಕೀರ್ತಿಯ ಬೆಲೆ ತಿಳಿಯಿತು. ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನುಡಿಸುತ್ತಿರುವಾಗಲೇ ಬೆರ್ರಿ ಮಿದುಳಿನ ರಕ್ತನಾಳದ ತೊಂದರೆಯಿಂದ ಕುಸಿದರು. ಶಸ್ತ್ರಚಿಕಿತ್ಸೆಯಾಗಿ ಉಳಿದರು. ಅದೇ ಪ್ರವಾಸದಲ್ಲಿ ಮಿಲ್ಸ್ ಮತ್ತು ಸ್ಟೈಪ್ ಕೂಡ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. 1996ರಲ್ಲಿ ವಾರ್ನರ್ ಸಂಸ್ಥೆಯೊಡನೆ ಆದ ಹೊಸ ಒಪ್ಪಂದದ ಮೊತ್ತ 8 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಮರುವರ್ಷದ ಅಕ್ಟೋಬರಿನಲ್ಲಿ ಬೆರ್ರಿ ತಂಡ ಬಿಟ್ಟರು. ನಾಲ್ವರಲ್ಲಿ ಒಬ್ಬರು ಹೊರಟರೂ ತಂಡ ಮುಗಿಯಿತೆಂಬ ಮಾತು ಅವರ ನಡುವೆ ಇತ್ತು. ತಾನು ಹೋದದ್ದರಿಂದ ತಂಡ ಒಡೆಯುವುದಾದರೆ ಹೋಗುವುದೇ ಇಲ್ಲ ಎಂದು ಬೆರ್ರಿ ಹಟ ಹಿಡಿದುದರಿಂದ ಉಳಿದ ಮೂವರು ಮುಂದುವರಿದರು. ಬೆರ್ರಿ ಅಥೆನ್ಸ್‌ನ ಹತ್ತಿರದಲ್ಲೇ ಬೇಸಾಯಕ್ಕಿಳಿದು ಹುಲ್ಲು ಬೆಳೆಯತೊಡಗಿದರು.

ಮೂವರು ಮಾಡಿದ್ದು ಮಾತಿಗೆ ತಪ್ಪಿದ್ದೇ? ಈ ಚರ್ಚೆ ಅಭಿಮಾನಿಗಳಲ್ಲಿ ಇಂದಿಗೂ ಇದೆ. ಒಬ್ಬರು ಬೇಡವೆಂದರೆ ಬೇಡ ಎಂಬ ನಿಯಮದ ತಿರುಳು ಒಬ್ಬರ ಮನಸ್ಸನ್ನು ಉಳಿದವರು ಗೌರವಿಸುವುದು. ಬೆರ್ರಿ ಕೇಳಿದ್ದು ತಂಡ ಉಳಿಯಲಿ ಎಂದು. ಆದ್ದರಿಂದ ನಿಯಮ ಮುರಿಯಲಿಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಹಳೆಯ ನಾದ ಮರಳಲಿಲ್ಲ ಎಂಬುದನ್ನೂ ಒಪ್ಪಬೇಕು. ಮೂವರೂ 2011ರ ಸೆಪ್ಟೆಂಬರ್ 21ರಂದು, ಜಗಳವಿಲ್ಲದೆ, ತಂಡವನ್ನು ವಿಸರ್ಜಿಸಿದರು. 2024ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಗೀತರಚನಕಾರರ ಗೌರವ ಸಭೆಯೊಂದರಲ್ಲಿ ನಾಲ್ವರೂ ಒಟ್ಟಿಗೆ ನಿಂತು ಆ ಮ್ಯಾಂಡೊಲಿನ್ ಹಾಡನ್ನು ನುಡಿಸಿದರು.

ಹುಟ್ಟಿದ ಊರು ನಮ್ಮ ಆಯ್ಕೆಯಲ್ಲ. ನೌಕರಿ ಕರೆದೊಯ್ದ ಊರೂ ಬಹಳ ಸಲ ನಮ್ಮ ಆಯ್ಕೆಯಾಗಿರುವುದಿಲ್ಲ. ಆದರೆ ಎಲ್ಲಿಂದಲೋ ಬಂದ ನಾಲ್ವರು ಒಂದು ಊರಿನ ರೈಲು ಸೇತುವೆಯನ್ನು, ಬಳ್ಳಿಯನ್ನು, ಊಟದ ಹೋಟೆಲಿನ ಮಾತನ್ನು ತಮ್ಮದಾಗಿಸಿಕೊಂಡು ಹಾಡಿದರು. ಇಂದು ಅಥೆನ್ಸ್ ಎಂದರೆ ಅವರ ಊರು. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇಪ್ಪತ್ತು ವರ್ಷ ಬಾಳಿಯೂ ‘ಊರಿಗೆ ಹೋಗುವುದು ಯಾವಾಗ’ ಎಂದು ಒಬ್ಬರನ್ನೊಬ್ಬರು ಕೇಳುವ ನಾವು, ಬಾಳಿದ ಊರಿನ ಬಗ್ಗೆ ಕನ್ನಡದಲ್ಲಿ ಎಷ್ಟು ಬರೆದಿದ್ದೇವೆ ಎಂದು ಕೇಳಿಕೊಳ್ಳಬಹುದು. ಆ ಹಳೆಯ ಚರ್ಚನ್ನು 1990ರಲ್ಲಿ ಕೆಡವಿದರು. ಗೋಪುರವೊಂದನ್ನು ಮಾತ್ರ ಉಳಿಸಿದ್ದಾರೆ. ದೂರದೂರದಿಂದ ಬಂದವರು ಇಂದಿಗೂ ಅದರೆದುರು ನಿಂತು ನೋಡಿ ಹೋಗುತ್ತಾರೆ.