ತಟ್ಟೆಯಿಂದ ಸುರುಳಿಗೆ: ಸೊಲ್ಲಾಪುರ ಸೀಮೆಯ ಕಿವಿಗೆ ಒದಗಿದ ಕನ್ನಡ

ವರ್ಷದ ಕೊನೆಗೆ ಸಂಗೀತಪ್ರಿಯರು ತಮ್ಮ ಮೆಚ್ಚಿನ ಧ್ವನಿಮುದ್ರಿಕೆಗಳನ್ನು ಹೆಸರಿಸುವುದು ಇಂದು ರೂಢಿಯಾಗಿದೆ. ಅಂಥದೊಂದು ಪಟ್ಟಿಯನ್ನು ಗಡಿನಾಡಿನವರಾದ ನಾವು ಗತಿಸಿದ ವರ್ಷಗಳಿಗೂ ಸಿದ್ಧಪಡಿಸಹೊರಟರೆ ಅದು ಬರಿಯ ಅಭಿರುಚಿಯ ಮಾತಾಗಿ ಉಳಿಯುವುದಿಲ್ಲ. ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಮರಾಠಿ ನಡೆಯುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಂಥ ಊರುಗಳಲ್ಲಿ ಮನೆಯೊಳಗಿನ ಕನ್ನಡ ಯಾವ ದನಿಯನ್ನು ಆಶ್ರಯಿಸಿ ಬಾಳಿತು ಎಂಬ ಪ್ರಶ್ನೆ ಆ ಪಟ್ಟಿಯ ಬೆನ್ನಿಗೇ ಬರುತ್ತದೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡನು. (ಆಕೆ ಕೊನೆಗೆ ಮೈಸೂರು ಆಸ್ಥಾನವನ್ನು ಸೇರಿ, 1930ರಲ್ಲಿ ಅಲ್ಲಿಯೇ ತೀರಿಕೊಂಡಳೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದೇವೆ.) ಅರಗಿನಿಂದ ಮಾಡಿದ ಆ ತಟ್ಟೆಗಳು ಕೈಜಾರಿದರೆ ಒಡೆಯುತ್ತಿದ್ದವು. ಮುಂದೆ ನೆಲೆನಿಂತ ಕ್ರಮದಲ್ಲಿ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ತಾಸುಗಟ್ಟಲೆ ಹರಿಯುವ ರಾಗವನ್ನು ಆ ಮೂರು ನಿಮಿಷಗಳಲ್ಲಿ ಹಿಡಿದಿಡುವುದು ಒಂದು ಬೇರೆಯೇ ವಿದ್ಯೆಯಾಯಿತು.

ಆ ವಿದ್ಯೆಯಲ್ಲಿ ಅಬ್ದುಲ್ ಕರೀಂ ಖಾನರನ್ನು ಮೀರಿಸಿದವರು ವಿರಳ. ಉತ್ತರದಿಂದ ಬಂದು ನಮ್ಮ ನೆರೆಯ ಮಿರಜಿನಲ್ಲಿ ನೆಲೆಸಿದ ಅವರು 1937ರವರೆಗೆ ಬಾಳಿದರು. ಜಿಂಝೋಟಿ ರಾಗದಲ್ಲಿ ಅವರು ಹಾಡಿದ ಠುಮ್ರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿದ ಬಾಲಕನೊಬ್ಬ ಅಂಥ ಗಾಯನವನ್ನು ಕಲಿಯುವ ಹಂಬಲದಿಂದ ಮನೆ ಬಿಟ್ಟು ಹೊರಟನು. ಆತನೇ ಭೀಮಸೇನ ಜೋಶಿ. ಒಂದು ತಟ್ಟೆಯ ಸಾರ್ಥಕತೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಮಲ್ಲಿಕಾರ್ಜುನ ಮನಸೂರರ ತಟ್ಟೆಗಳೂ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಹೊರಬಂದ ಗಂಗೂಬಾಯಿ ಹಾನಗಲ್ಲರ ತಟ್ಟೆಗಳೂ 1930ರ ದಶಕದವು. ಮನಸೂರರ ಅಡಾಣವನ್ನು ನಾವು ಆ ದಶಕದ ಶ್ರೇಷ್ಠ ಮುದ್ರಿಕೆಗಳಲ್ಲಿ ಎಣಿಸುತ್ತೇವೆ.

ಆದರೆ ಇಲ್ಲೊಂದು ಕೊರತೆಯೂ ಇದೆ. ಈ ಗಾಯಕರ ಮನೆಮಾತು ಕನ್ನಡ. ತಟ್ಟೆಯ ಮೇಲಿನ ಹಾಡು ಬಹುಪಾಲು ಹಿಂದಿ, ಇಲ್ಲವೆ ಮರಾಠಿ. ಮುದ್ರಣದ ವ್ಯವಹಾರ ಮುಂಬಯಿಯಲ್ಲಿತ್ತು, ಕೊಳ್ಳುವವರನ್ನು ಮರಾಠಿ ಸಂಗೀತ ನಾಟಕ ಆಗಲೇ ಸಿದ್ಧಗೊಳಿಸಿತ್ತು. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾದದ್ದು ಕೂಡ ಆ ರಂಗಭೂಮಿಯ ಮೇಲೆಯೇ. ಅದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ಮುಂದೆ ಭೀಮಸೇನರು ಮರಾಠಿಯಲ್ಲಿ ಅಭಂಗವಾಣಿಯನ್ನೂ ಕನ್ನಡದಲ್ಲಿ ದಾಸವಾಣಿಯನ್ನೂ ಹಾಡಿದಾಗ ನಮ್ಮ ಮನೆಗಳಲ್ಲಿ ಎರಡಕ್ಕೂ ಒಂದೇ ಆಸನ ದೊರೆಯಿತು. ಪಂಢರಪುರ ನಮ್ಮ ಜಿಲ್ಲೆಯದೇ; ಪುರಂದರದಾಸರ ಅಂಕಿತ ಆ ವಿಠ್ಠಲನದೇ; ಅವನನ್ನು ಕರ್ನಾಟಕದವನೆಂದು ಕರೆದವರು ಮರಾಠಿಯ ಜ್ಞಾನೇಶ್ವರರೇ. ಎರಡರಲ್ಲಿ ಒಂದನ್ನು ಆರಿಸಿರೆಂದು ಯಾರಾದರೂ ಕೇಳಿದರೆ ನಾವು ಸುಮ್ಮನಿರುತ್ತೇವೆ.

ಕೊರತೆ ನೀಗಿದ್ದು 1978ರಲ್ಲಿ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಆ ವರ್ಷ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದನ್ನು ಗುರುತಿಸುತ್ತಾರೆ. ಅಲ್ಲಿಯವರೆಗೆ ಕನ್ನಡದ ಹಾಡು ದೂರದ ನಮಗೆ ಸಿಗಬೇಕಾದರೆ ಆಕಾಶವಾಣಿಯ ವೇಳೆಯನ್ನು ಕಾಯಬೇಕಿತ್ತು, ಇಲ್ಲವೆ ಊರಿಗೆ ಕನ್ನಡ ಸಿನೆಮಾ ಬರಬೇಕಿತ್ತು. ಸುರುಳಿಯಾದರೋ ಅಂಗಿಯ ಕಿಸೆಯಲ್ಲಿ ಕುಳಿತು ಬರುವ ವಸ್ತು. ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದವರು ಒಂದನ್ನು ತಂದರೆ ಓಣಿಯ ಹತ್ತು ಮನೆಗಳಲ್ಲಿ ಅದು ಸುತ್ತಿ ಬರುತ್ತಿತ್ತು. ಅನಂತಸ್ವಾಮಿಯವರ ಹಿರಿಮೆ ಇರುವುದು ಸಂಯಮದಲ್ಲಿ. ಅವರ ರಾಗ ಶಬ್ದದ ಹಿಂದೆ ನಡೆಯುತ್ತದೆ. ಕೇಳುವವರಿಗೆ ಒಂದಕ್ಷರವೂ ತಪ್ಪುವುದಿಲ್ಲ. ಓದಲು ಬಾರದಿದ್ದರೂ ಮಾತು ಬಲ್ಲ ನಮ್ಮ ಮಕ್ಕಳಿಗೆ ಬೇಕಾದದ್ದು ಇದೇ ಗುಣ. ಒಂದೇ ಒಂದು ವರ್ಷವನ್ನು ಆರಿಸಿಕೊಳ್ಳಿ ಎಂದರೆ ನಾವು ನಿಸ್ಸಂಶಯವಾಗಿ 1978ನ್ನು ಆರಿಸುತ್ತೇವೆ.

ಬಳಿಕ ಸಿ. ಅಶ್ವಥ್ ಅವರ ಕಾಲ ಬಂದಿತು. 1942ರಲ್ಲಿ ಅಚ್ಚಾದ ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಅವರಿಂದಾಗಿ ಪುಸ್ತಕದಾಚೆಯ ಮನೆಗಳನ್ನೂ ಹೊಕ್ಕಿತು. ಆದರೂ ಮೈಸೂರು ಸೀಮೆಯ ಆ ದಾಂಪತ್ಯದ ನುಡಿ ನಮ್ಮ ಹಿರಿಯರಿಗೆ ತುಸು ದೂರದ ನೆಂಟನಂತೆ ತೋರಿದ್ದುಂಟು. ಶಿಶುನಾಳ ಶರೀಫರ ತತ್ವಪದಗಳು ಹಾಗಲ್ಲ. 1819ರಿಂದ 1889ರವರೆಗೆ ಬಾಳಿದ ಆ ಸಂತನ ಮಾತು ನಮ್ಮ ಹೊಲ ಮನೆಗಳ ಮಾತಿಗೆ ಹತ್ತಿರದ್ದು; ಏಕತಾರಿಯೊಡನೆ ಪದ ಹಾಡುವವರನ್ನು ನಾವೂ ಕಂಡವರು. ಅಶ್ವಥ್ ಅವರ ಎತ್ತರದ, ತೆರೆದ ಕಂಠ ಆ ಪದಗಳಿಗೆ ಒಪ್ಪಿತು. ವಾದ್ಯಗಳ ಗದ್ದಲ ಕೆಲವೆಡೆ ಮಾತನ್ನು ಮುಸುಕುತ್ತದೆಂಬ ಆಕ್ಷೇಪ ನಮ್ಮಲ್ಲಿ ಉಂಟು, ಅದನ್ನು ಮುಚ್ಚಿಡಬೇಕಿಲ್ಲ.

ಈ ಸುರುಳಿಗಳಲ್ಲಿ ಹಲವು ಈಗ ಕಪಾಟಿನ ಮೂಲೆಯಲ್ಲಿವೆ. ನುಡಿಸುವ ಯಂತ್ರ ಕೆಟ್ಟಿದೆ. ಪಟ್ಟಿಗೆ ಬೂಷ್ಟು ಹಿಡಿದಿದೆ. ಕೆಲವು ಮನೆಗಳಲ್ಲಿ ಅವುಗಳ ಪಕ್ಕದಲ್ಲಿಯೇ ಹಳೆಯ ವಹಿಗಳೂ ಉಳಿದಿವೆ. ಮರಾಠಿ ಶಾಲೆಗೆ ಹೋಗುತ್ತಿದ್ದ ಹುಡುಗಿಯರು ಸುರುಳಿಯನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ನಿಸಾರರ ಮತ್ತು ಶರೀಫರ ಹಾಡುಗಳನ್ನು ಅವುಗಳಲ್ಲಿ ಬರೆದುಕೊಂಡಿದ್ದಾರೆ. ಭಾಷೆ ಕನ್ನಡದ್ದು, ಅಕ್ಷರ ಬಾಳಬೋಧದ್ದು.