ಹೆಸರನ್ನು ಕೇಳದ ಪರೀಕ್ಷಕ

ಮನೆತನದ ಹೆಸರು ಒಂದೇ ಆದ ಮಾತ್ರಕ್ಕೆ ಅಣ್ಣತಮ್ಮಂದಿರೆಲ್ಲ ಒಂದೇ ಮಾತಿನವರಾಗಿರುವುದಿಲ್ಲ. ಗಣಕಯಂತ್ರಗಳ ಪ್ರಪಂಚದಲ್ಲಿ ಯೂನಿಕ್ಸ್ ಮನೆತನದ ಕಥೆಯೂ ಇಂಥದೇ.

ಗಣಕಯಂತ್ರವನ್ನು ನಡೆಸುವ ಈ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಜನಕರಲ್ಲಿ ಮುಖ್ಯರು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದ ಮೇಲೆ ಬಗೆಬಗೆಯ ಯಂತ್ರಗಳಿಗೆ ಅದನ್ನು ಒಗ್ಗಿಸುವುದು ಸುಲಭವಾಯಿತು. ಆದರೆ ಸಂಸಾರ ಬೆಳೆದಂತೆ ಮನೆಗಳೂ ಬೇರೆಯಾದುವು. ಬರ್ಕ್ಲಿ ವಿಶ್ವವಿದ್ಯಾಲಯದ್ದು ಒಂದು ಕವಲು, ಎ.ಟಿ. ಅಂಡ್ ಟಿ. ಕಂಪನಿ 1983ರಲ್ಲಿ ಹೊರತಂದ 'ಸಿಸ್ಟಮ್ ಫೈವ್' ಇನ್ನೊಂದು. ಅಕ್ಷರಮಾಲೆಯೊಂದರಲ್ಲಿ ಒಂದು ಅಕ್ಷರವನ್ನು ಹುಡುಕುವ ಕೆಲಸಕ್ಕೆ ಬರ್ಕ್ಲಿಯವರು 'ಇಂಡೆಕ್ಸ್' ಎಂದರೆ, ಸಿಸ್ಟಮ್ ಫೈವ್‌ನವರು 'ಸ್ಟ್ರ್‌ಚರ್' ಎಂದರು. ಕೆಲಸ ಒಂದೇ, ಹೆಸರು ಬೇರೆ. ಅಷ್ಟಕ್ಕೇ ಪ್ರೋಗ್ರಾಮು ಮುಗ್ಗರಿಸುತ್ತಿತ್ತು.

ಇದರ ಪೆಟ್ಟು ಗ್ನೂ ಯೋಜನೆಗೆ ಬಲವಾಗಿ ತಗುಲಿತು. ತಂತ್ರಾಂಶವನ್ನು ಮೂಲಪಾಠದ ಸಮೇತ ಎಲ್ಲರಿಗೂ ಹಂಚಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಯೋಜನೆ ಅದು. ಆದರೆ ಮೂಲಪಾಠ ಕೈಗೆ ಬಂದು ಫಲವೇನು? ಅದನ್ನು ತನ್ನ ಯಂತ್ರಕ್ಕೆ ಹೊಂದಿಸಿಕೊಳ್ಳಲಾರದವನಿಗೆ ಆ ಸ್ವಾತಂತ್ರ್ಯ ಬರಿಯ ಕಾಗದದ ಸ್ವಾತಂತ್ರ್ಯ. 1991ರ ಜೂನ್ ವೇಳೆಗೆ ಗ್ನೂ ತಂತ್ರಾಂಶಗಳಲ್ಲಿ ಹಲವನ್ನು ನೋಡಿಕೊಳ್ಳುತ್ತಿದ್ದ ಡೇವಿಡ್ ಮೆಕೆಂಜಿ ಈ ಕಷ್ಟವನ್ನು ಹತ್ತಿರದಿಂದ ಕಂಡರು. ಬಳಸುವವನು ಸುಮಾರು 20 ಆಯ್ಕೆಗಳನ್ನು ತಾನೇ ಗೊತ್ತುಮಾಡಿ ತಿದ್ದಬೇಕಾಗಿತ್ತು. ಅವನ್ನು ತಾನಾಗಿಯೇ ಊಹಿಸುವ ಪುಟ್ಟ ಆಜ್ಞಾಪಟ್ಟಿಯೊಂದನ್ನು ಅವರು ಬರೆದರು. ಅಂಥದನ್ನು ಒಂದೊಂದು ತಂತ್ರಾಂಶಕ್ಕೂ ಕೈಯಿಂದ ಬರೆಯುವುದು ದಣಿವಿನ ಕೆಲಸವಾಗಲು, ಆ ಪಟ್ಟಿಗಳನ್ನೇ ತಯಾರಿಸಿಕೊಡುವ ಸಾಧನವನ್ನು ರಚಿಸಿದರು. 1992ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಿತು. ಅದೇ 'ಆಟೋಕಾನ್ಫ್'.

ಇದರ ಹಿರಿಮೆ ಇರುವುದು ಒಂದು ವಿವೇಕದಲ್ಲಿ. 'ನೀನು ಯಾವ ಕಂಪನಿಯ ಯಂತ್ರ?' ಎಂದು ಕೇಳಿ, ಹೆಸರಿನಿಂದ ಗುಣವನ್ನು ಊಹಿಸುವುದು ಸುಲಭದ ದಾರಿ. ಹೊಸ ಯಂತ್ರವೊಂದು ಬಂದೊಡನೆ ಆ ಊಹೆ ಸುಳ್ಳಾಗುತ್ತದೆ. ಆಟೋಕಾನ್ಫ್ ತಯಾರಿಸಿದ ಪಟ್ಟಿಯಾದರೋ ಹೆಸರಿಗಿಂತ ಹೆಚ್ಚಾಗಿ ಕಸುಬನ್ನು ಕೇಳುತ್ತದೆ. ನಾಲ್ಕು ಸಾಲಿನ ಪ್ರೋಗ್ರಾಮೊಂದನ್ನು ಅಲ್ಲೇ ಬರೆದು, ಯಂತ್ರಭಾಷೆಗೆ ಇಳಿಸಲು ಯತ್ನಿಸುತ್ತದೆ. ಇಳಿದರೆ ಆ ಸೌಕರ್ಯ ಉಂಟು, ಇಳಿಯದಿದ್ದರೆ ಇಲ್ಲ. ಹೀಗೆ ಒಂದೊಂದನ್ನೇ ಪರೀಕ್ಷಿಸಿ, ಫಲಿತಾಂಶವನ್ನು ಬರೆದಿಟ್ಟುಕೊಂಡು ಮುಂದಿನ ಕಟ್ಟಡಕ್ಕೆ ಅಣಿಮಾಡುತ್ತದೆ. ಬಳಸುವವನ ಬಳಿ ಆಟೋಕಾನ್ಫ್ ಇರಬೇಕಾದ್ದೂ ಇಲ್ಲ. ಎಲ್ಲ ಯೂನಿಕ್ಸ್‌ಗಳೂ ಬಲ್ಲ ಹಳೆಯ ಶೆಲ್ ಭಾಷೆಯಲ್ಲಿ ಆ ಪಟ್ಟಿ ಇರುತ್ತದೆ.

ಈ ಉಪಕಾರಕ್ಕೆ ತೆತ್ತ ಬೆಲೆಯೂ ಉಂಟು. ಪಟ್ಟಿ ಬೆಳೆದು ಸಾವಿರಾರು ಸಾಲುಗಳಾಯಿತು. ಯಂತ್ರ ಬರೆದದ್ದನ್ನು ಮನುಷ್ಯ ಓದುವುದೇಕೆಂದು ಎಲ್ಲರೂ ಸುಮ್ಮನಾದರು. 2024ರ ಮಾರ್ಚಿಯಲ್ಲಿ ಆ ಮೌನ ಒಡೆಯಿತು. 'ಎಕ್ಸ್‌ಜೆಡ್' ಎಂಬ ತಂತ್ರಾಂಶದ ಹಂಚಿಕೆಯ ಪ್ರತಿಯಲ್ಲಿ, ಇಂಥ ಪಟ್ಟಿಯನ್ನು ತಯಾರಿಸುವ ಸಾಮಗ್ರಿಯ ನಡುವೆ, ಕೇಡಿನ ಸಾಲುಗಳನ್ನು ಯಾರೋ ಸೇರಿಸಿದ್ದರು. ಎಲ್ಲರ ಕಣ್ಣಿಗೆ ಬೀಳುವ ಮೂಲ ಭಂಡಾರದಲ್ಲಿ ಆ ಸಾಲುಗಳಿರಲಿಲ್ಲ. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾದದ್ದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಬೆನ್ನುಹತ್ತಿ ಹೋಗಿ ಆ ವಂಚನೆಯನ್ನು ಬಯಲಿಗೆಳೆದರು.

ಈಗ ಸಿಮೇಕ್, ಮೆಸಾನ್ ಮೊದಲಾದ ಹೊಸ ಸಾಧನಗಳ ಕಡೆಗೆ ಅನೇಕರು ಹೊರಳಿದ್ದಾರೆ. ಆದರೆ ಆಟೋಕಾನ್ಫ್‌ನ ನೀತಿ ಹಳತಾಗಿಲ್ಲ. ಹೆಸರನ್ನು ನಂಬಬೇಡ, ಪರೀಕ್ಷಿಸಿ ನೋಡು ಎಂದು ಅದು ಯಂತ್ರಗಳ ವಿಷಯದಲ್ಲಿ ಕಲಿಸಿತು. ಅದೇ ಮಾತನ್ನು ಪರೀಕ್ಷಕನ ವಿಷಯದಲ್ಲೂ ಪಾಲಿಸಬೇಕೆಂಬುದನ್ನು ನಾವು ಮರೆತಿದ್ದೆವು, ಅಷ್ಟೆ.