ಪರದೆ ಬಿಟ್ಟ ಕೈಗೆ ಲಗಾಮು

ಕರೋಶಿ, ಚಿಕ್ಕೋಡಿ ಸೀಮೆಗೆ ನೆರೆಯಾದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್ 15ರಂದು ಹೊಸ ಪದ್ಧತಿಯೊಂದು ಆರಂಭವಾಯಿತು. ಸಂಜೆ ಏಳಕ್ಕೆ ಗುಡಿಯ ಸೈರನ್ ಮೊಳಗಿದರೆ ಒಂದೂವರೆ ತಾಸು ಟಿ.ವಿ., ಮೊಬೈಲ್ ಬಂದ್. ಕೊರೊನಾ ಕಾಲದ ಆನ್‌ಲೈನ್ ಪಾಠ ಮಕ್ಕಳಿಗೆ ಅಂಟಿಸಿದ ಗೀಳಿಗೆ ಊರೇ ಕಂಡುಕೊಂಡ ಮದ್ದು ಇದು. ಆದರೆ ಮೊಬೈಲ್ ಕೆಳಗಿಟ್ಟ ಕೈಗೆ ಬೇರೆ ಕೆಲಸ ಬೇಡವೇ?

ಈ ಪ್ರಶ್ನೆಗೆ ಇರುವ ಉತ್ತರಗಳಲ್ಲಿ ಕುದುರೆ ಸವಾರಿಯ ಚಿಕಿತ್ಸೆಯೂ ಒಂದು. ಅದು ಹುಟ್ಟಿದ್ದು ಪರದೆಯ ಗೀಳಿಗಾಗಿ ಅಲ್ಲ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೊಗೆ ತುತ್ತಾದರು. ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿದರೂ ಮತ್ತೆ ಕುದುರೆ ಏರಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದರು. ಆ ಗೆಲುವು ಈ ಚಿಕಿತ್ಸೆಯತ್ತ ಜಗತ್ತಿನ ಗಮನ ಸೆಳೆಯಿತು.

ನಡೆಯುವ ಕುದುರೆಯ ಬೆನ್ನು ಸವಾರನ ಸೊಂಟವನ್ನು ಮನುಷ್ಯ ನಡಿಗೆಯನ್ನು ಹೋಲುವ ಲಯದಲ್ಲಿ ಅಲುಗಿಸುತ್ತದೆ. ಆಯ ತಪ್ಪದಿರಲು ಮೈ, ಮನಸ್ಸು ಎರಡೂ ಎಚ್ಚರವಾಗಿರಬೇಕು. ಲಗಾಮು ಹಿಡಿದ ಕೈಯಲ್ಲಿ ಮೊಬೈಲಿಗೆ ಜಾಗವಿಲ್ಲ. ಅಕ್ಕಪಕ್ಕ ನಡೆಯುವ ಸ್ವಯಂಸೇವಕರೂ ಸವಾರನ ಮೇಲಿನ ಕಣ್ಣು ತೆಗೆಯುವಂತಿಲ್ಲ.

ಕುದುರೆ ಎಲ್ಲ ಊರಿಗೂ ಸಿಗದು. ವಡಗಾಂವದಲ್ಲಿ ಆ ಒಂದೂವರೆ ತಾಸು ಓದಿಗೆ, ಮನೆಮಂದಿಯ ಮಾತಿಗೆ ಮೀಸಲಾಯಿತು. ಗೀಳು ಬಿಡಿಸುವುದು ನಿಷೇಧವೊಂದೇ ಅಲ್ಲ. ಅದರ ಜಾಗದಲ್ಲಿ ಕೂರುವ ಕೆಲಸ.